ಮೀಟರ್ −3.8 ಸರಿಯಾಗಿಯೇ ಇದೆ, ಆದರೂ ಮಜೆಂಟಾ ಹೆಡ್ ತೊಟ್ಟಿಕ್ಕುತ್ತಿದೆ

ನಾಲ್ಕುಬಣ್ಣ

3.2 ಮೀಟರ್ ಅಗಲದ, ಸಾಲ್ವೆಂಟ್ ಶಾಯಿಯಲ್ಲಿ ಫ್ಲೆಕ್ಸ್ ಬ್ಯಾನರ್ ಪ್ರಿಂಟ್ ಮಾಡುವ ಮೆಷಿನ್. ನಾಲ್ಕು ಬಣ್ಣ, ಬಣ್ಣಕ್ಕೊಂದು ಹೆಡ್ (ನಾಜಲ್ ಎಂಬ ಸಣ್ಣ ತೂತುಗಳಿಂದ ಶಾಯಿ ಚಿಮ್ಮಿಸುವ ಭಾಗ). ಹೆಡ್ ಹೊತ್ತು ಅತ್ತಿತ್ತ ಓಡುವ ಕ್ಯಾರೇಜ್ ಮೇಲೆ ನಾಲ್ಕು ಸಬ್ ಟ್ಯಾಂಕ್ (ಹೆಡ್ಡಿಗೆ ಶಾಯಿ ಕೊಡುವ ಸಣ್ಣ ಟ್ಯಾಂಕ್) ಇವೆ. ಶಾಯಿ ತಾನಾಗಿ ಇಳಿಯದಂತೆ ಮೇಲಕ್ಕೆ ಎಳೆದು ಹಿಡಿಯಲು ನಾಲ್ಕಕ್ಕೂ ಸೇರಿ ಒಂದೇ ವ್ಯಾಕ್ಯೂಮ್ ಪಂಪ್, ಒಂದೇ ಡಿಜಿಟಲ್ ಮೀಟರ್. ವ್ಯಾಕ್ಯೂಮ್ ಯುಪಿಎಸ್ ಮೇಲಿದೆ, ರಾತ್ರಿಯೂ ಆಫ್ ಆಗುವುದಿಲ್ಲ.

ಸೋರುತ್ತಿರುವುದು ಮಜೆಂಟಾ ಹೆಡ್ ಒಂದೇ. ಪರ್ಜ್ ಮಾಡಿ (ಶಾಯಿ ಒತ್ತಿ ಹೊರಬಿಟ್ಟು) ನಾಜಲ್ ಪ್ಲೇಟ್ ಒರೆಸಿದ ಮೇಲೆ ಐದಾರು ನಿಮಿಷ ಸುಮ್ಮನಿರುತ್ತದೆ. ಆಮೇಲೆ ಪ್ಲೇಟಿನ ಒಂದು ಮೂಲೆ ಒದ್ದೆಯಾಗಿ ನಿಮಿಷಕ್ಕೆ ಎರಡು ಮೂರು ಹನಿ ಬೀಳುತ್ತವೆ. ಕೆಲವೊಮ್ಮೆ ತಾನಾಗಿಯೇ ನಿಂತು, ಪ್ರಿಂಟ್ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತದೆ.

ಮೀಟರ್ −3.8 ಕಿಲೋಪಾಸ್ಕಲ್ ತೋರಿಸುತ್ತದೆ, ಮೊದಲಿನಿಂದಲೂ ಅಷ್ಟೇ ಇಟ್ಟಿರುವುದು. −5.0ಕ್ಕೆ ಏರಿಸಿದರೆ ಮಜೆಂಟಾ ಹನಿ ಹೆಚ್ಚುಕಮ್ಮಿ ನಿಲ್ಲುತ್ತದೆ, ಆದರೆ ಸಯಾನ್ ಮತ್ತು ಹಳದಿಯಲ್ಲಿ ನಾಜಲ್ ಬಿಟ್ಟುಹೋಗುತ್ತವೆ (ಶಾಯಿ ಚಿಮ್ಮುವುದಿಲ್ಲ). ಈ ವಾರ ಮಜೆಂಟಾಗೆ ಮೂರು ನಾಲ್ಕು ಬಾರಿ ಇಂಕ್ ಸಪ್ಲೈ ಟೈಮ್‌ಔಟ್ ಅಲಾರಂ ಬಂದಿದೆ. ರಿಸೆಟ್ ಮಾಡಿದರೆ ಮುಂದುವರಿಯುತ್ತದೆ.

ಹೆಡ್ ಹೋಗಿದೆ, ಬದಲಿಸಿ ಎನ್ನುತ್ತಿದ್ದಾರೆ. ಅದಕ್ಕೂ ಮೊದಲು ಏನೇನು ನೋಡಬೇಕು?

---

ಒಣಬಟ್ಟೆ

ಹೆಡ್ ಸದ್ಯಕ್ಕೆ ಮುಟ್ಟಬೇಡಿ. ಹೆಡ್ ಒಡೆದಿದ್ದರೆ ಶಾಯಿ ಸಾಮಾನ್ಯವಾಗಿ ಪಕ್ಕದ ಅಂಟಿನ ಸಂದಿನಿಂದಲೋ ಮೇಲೆ ಕೇಬಲ್ ಕಡೆಯಿಂದಲೋ ಬರುತ್ತದೆ. ನಾಜಲ್ ಪ್ಲೇಟಿನಿಂದ ಹನಿಯುವುದು ಬಹುಪಾಲು ಒತ್ತಡದ ಲೆಕ್ಕ ತಪ್ಪಿದ್ದರಿಂದ.

ಲೆಕ್ಕ ಹೀಗೆ. ಸಬ್ ಟ್ಯಾಂಕಿನ ಶಾಯಿಯ ಮೇಲ್ಮೈ ನಾಜಲ್ ಪ್ಲೇಟಿಗಿಂತ 28 ಸೆಂ.ಮೀ. ಎತ್ತರದಲ್ಲಿದೆ ಅಂದುಕೊಳ್ಳಿ. ಸಾಲ್ವೆಂಟ್ ಶಾಯಿ ನೀರಿಗಿಂತ ತುಸು ಹಗುರ, ಹಾಗಾಗಿ ಪ್ರತಿ 10 ಸೆಂ.ಮೀ.ಗೆ ಸುಮಾರು 0.93 ಕಿಲೋಪಾಸ್ಕಲ್ ಒತ್ತುತ್ತದೆ. 28 ಸೆಂ.ಮೀ.ಗೆ 2.6. ಮೇಲಿನಿಂದ ವ್ಯಾಕ್ಯೂಮ್ 3.8 ಎಳೆಯುತ್ತಿದ್ದರೆ ನಾಜಲ್ ಬಳಿ ಉಳಿಯುವುದು −1.2. ಅಲ್ಲಿ −0.5ರಿಂದ −1.5ರೊಳಗೆ ಇದ್ದರೆ ಹೆಡ್ ನೆಮ್ಮದಿಯಾಗಿರುತ್ತದೆ.

ಐದು ನಿಮಿಷ ತಡೆದು ಆಮೇಲೆ ಸೋರುವುದಕ್ಕೂ ಕಾರಣವಿದೆ. ನಾಜಲ್ ತೂತು ಸುಮಾರು 30 ಮೈಕ್ರಾನ್. ಪ್ಲೇಟ್ ಒಣಗಿದ್ದಾಗ ಆ ತೂತಿನ ಬಾಯಲ್ಲಿ ಶಾಯಿಯ ಮೇಲ್ಮೈ ಎಳೆತವೇ 4 ಕಿಲೋಪಾಸ್ಕಲ್‌ವರೆಗೆ ತಡೆದು ನಿಲ್ಲಿಸಬಲ್ಲದು. ಅಂದರೆ ನಾಜಲ್ ಬಳಿ ಒತ್ತಡ ಪಾಸಿಟಿವ್ ಆಗಿದ್ದರೂ ಒರೆಸಿದ ಕೂಡಲೇ ಹನಿಯುವುದಿಲ್ಲ. ಒಂದು ಕಡೆ ಪ್ಲೇಟ್ ಒದ್ದೆಯಾಯಿತೋ, ಆ ತಡೆ ಮುಗಿಯಿತು. ನಿಮ್ಮ ಒದ್ದೆ ಮೂಲೆ ಅದೇ. ಹಾಗಾಗಿ ಯಾವ ಪರೀಕ್ಷೆ ಮಾಡಿದರೂ ಒರೆಸಿ ಕನಿಷ್ಠ 15 ನಿಮಿಷ ಕಾದು ನೋಡಿ. ಎರಡು ನಿಮಿಷ ನೋಡಿ ಸರಿಹೋಯಿತು ಅನ್ನಬೇಡಿ.

ಮೊದಲ ಪರೀಕ್ಷೆ: ಸಬ್ ಟ್ಯಾಂಕಿನಿಂದ ಮಜೆಂಟಾ ಹೆಡ್‌ಗೆ ಇಳಿಯುವ ಟ್ಯೂಬನ್ನು ಮೃದು ಕ್ಲ್ಯಾಂಪ್ ಹಾಕಿ ಅದುಮಿ. ಪ್ಲೇಟ್ ಒರೆಸಿ. ಹನಿ ನಿಂತರೆ ತೊಂದರೆ ಕ್ಲ್ಯಾಂಪಿಗಿಂತ ಮೇಲಿದೆ: ಟ್ಯಾಂಕ್, ವ್ಯಾಕ್ಯೂಮ್ ಲೈನ್, ಫ್ಲೋಟ್ (ಟ್ಯಾಂಕಿನ ಶಾಯಿ ಮಟ್ಟ ತಿಳಿಸುವ ತೇಲುವ ಸ್ವಿಚ್). ನಿಲ್ಲದಿದ್ದರೆ ಕ್ಲ್ಯಾಂಪಿಗಿಂತ ಕೆಳಗೆ ಎಲ್ಲೋ ಗಾಳಿ ಒಳಗೆ ಹೋಗುತ್ತಿದೆ, ಏಕೆಂದರೆ ಮೇಲೆ ಮುಚ್ಚಿದ ಕೊಳವೆಯಿಂದ ಗಾಳಿ ಬರದೆ ದ್ರವ ಕೆಳಗಿಳಿಯುವುದಿಲ್ಲ. ಆಗ ಫಿಲ್ಟರಿನ ಎರಡು ತುದಿ ಮತ್ತು ಹೆಡ್ ಮೇಲಿನ ಫಿಟ್ಟಿಂಗ್ ಓ-ರಿಂಗ್ ನೋಡಿ.

ಎರಡನೆಯದು: ಮ್ಯಾನಿಫೋಲ್ಡ್ (ಒಂದೇ ಪಂಪಿನ ವ್ಯಾಕ್ಯೂಮನ್ನು ನಾಲ್ಕು ಟ್ಯೂಬಿಗೆ ಹಂಚುವ ಭಾಗ) ಬಳಿ ಮಜೆಂಟಾ ಮತ್ತು ಸಯಾನ್ ವ್ಯಾಕ್ಯೂಮ್ ಟ್ಯೂಬ್ ಅದಲು ಬದಲು ಮಾಡಿ. ಸೋರಿಕೆ ಸಯಾನ್‌ಗೆ ಹೋದರೆ ಮ್ಯಾನಿಫೋಲ್ಡ್ ಪೋರ್ಟ್ ಕಟ್ಟಿದೆ. ಮಜೆಂಟಾದಲ್ಲೇ ಉಳಿದರೆ ಟ್ಯೂಬ್ ಅಥವಾ ಟ್ಯಾಂಕ್.

---

ತೇಲುಗುಂಡು

ಒಣಬಟ್ಟೆ ಸರ್ ಹೇಳಿದ ಮೊದಲ ಪರೀಕ್ಷೆ ಮಾಡಿ. ಎರಡನೆಯದು ದಯವಿಟ್ಟು ಈಗಲೇ ಬೇಡ. ಮೊದಲು ಮಜೆಂಟಾ ವ್ಯಾಕ್ಯೂಮ್ ಟ್ಯೂಬಿಗೆ ಟಾರ್ಚ್ ಹಿಡಿದು ಒಳಗೆ ಶಾಯಿ ಇದೆಯಾ ನೋಡಿ. ಶಾಯಿ ಇರುವ ಟ್ಯೂಬನ್ನು ಅದಲು ಬದಲು ಮಾಡಿದರೆ ಆ ಶಾಯಿ ಮ್ಯಾನಿಫೋಲ್ಡಿಗೂ, ಅಲ್ಲಿಂದ ಬೇರೆ ಟ್ಯಾಂಕಿಗೂ ಸೇರಿ ಒಂದು ರಿಪೇರಿ ಎರಡಾಗುತ್ತದೆ.

ನನ್ನ ಅಂದಾಜಿನ ಪ್ರಕಾರ ಅಲ್ಲಿ ಶಾಯಿ ಇದ್ದೇ ಇರುತ್ತದೆ. ಸುಳಿವು ನಿಮ್ಮ ಟೈಮ್‌ಔಟ್ ಅಲಾರಂ. ಫ್ಲೋಟ್ ಕೆಳಗಿದ್ದರೆ ಬೋರ್ಡ್ ಇಂಕ್ ಪಂಪನ್ನು ಓಡಿಸುತ್ತದೆ, ಫ್ಲೋಟ್ ಮೇಲೇರಿದರೆ ನಿಲ್ಲಿಸುತ್ತದೆ. ನಿಗದಿತ ಸೆಕೆಂಡುಗಳಲ್ಲಿ ಫ್ಲೋಟ್ ಏರದಿದ್ದರೆ ಅಲಾರಂ. ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಶಾಯಿ ಟ್ಯಾಂಕಿಗೆ ಬರುತ್ತಿಲ್ಲ (ಫಿಲ್ಟರ್ ಕಟ್ಟಿದೆ, ಪಂಪ್ ಸೋತಿದೆ, ದೊಡ್ಡ ಟ್ಯಾಂಕ್ ಖಾಲಿ), ಇಲ್ಲವೇ ಶಾಯಿ ಬಂದಿದ್ದರೂ ಫ್ಲೋಟ್ ಅಂಟಿಕೊಂಡು ಏಳುತ್ತಿಲ್ಲ. ಶಾಯಿ ಬರದಿದ್ದರೆ ಪ್ರಿಂಟಿನಲ್ಲಿ ಮಜೆಂಟಾ ಬಿಳಚಿಕೊಳ್ಳಬೇಕಿತ್ತು. ನಿಮ್ಮದು ಸೋರುತ್ತಿದೆ. ಅಂದರೆ ಎರಡನೆಯದು. ಪ್ರತಿ ರಿಸೆಟ್‌ಗೂ ತುಂಬಿದ ಟ್ಯಾಂಕಿಗೆ ಇನ್ನಷ್ಟು ಸುರಿದಿದ್ದೀರಿ.

ಟ್ಯಾಂಕ್ ತುಂಬಿದ ಮೇಲೆ ಶಾಯಿ ಹೋಗುವುದು ವ್ಯಾಕ್ಯೂಮ್ ಟ್ಯೂಬಿಗೆ. ಟ್ಯಾಂಕ್ 5 ಸೆಂ.ಮೀ. ಹೆಚ್ಚು ತುಂಬಿ, ಟ್ಯೂಬಿನಲ್ಲಿ ಇನ್ನೂ 20 ಸೆಂ.ಮೀ. ಏರಿದರೆ, ಶಾಯಿಯ ನಿಜವಾದ ಮೇಲ್ಮೈ ಈಗ 28 ಅಲ್ಲ, 53 ಸೆಂ.ಮೀ. ಎತ್ತರದಲ್ಲಿದೆ. ಅದು 4.9 ಕಿಲೋಪಾಸ್ಕಲ್. ಮೀಟರಿನ 3.8 ಕಳೆದರೆ ನಾಜಲ್ ಮೇಲೆ +1.1. ಮೀಟರ್ ಸುಳ್ಳು ಹೇಳುತ್ತಿಲ್ಲ. ಅದು ಪಂಪಿನ ಬಳಿಯ ಗಾಳಿಯನ್ನು ಅಳೆಯುತ್ತದೆ, ಮಜೆಂಟಾ ಟ್ಯಾಂಕಿನ ಒಳಗಿನದನ್ನಲ್ಲ.

ತಾನಾಗಿ ನಿಲ್ಲುವುದೂ ಇದಕ್ಕೇ ಹೊಂದುತ್ತದೆ. 3.8ಕ್ಕೆ ಸರಿದೂಗುವುದು ಸುಮಾರು 41 ಸೆಂ.ಮೀ. ಎತ್ತರ. 53ರಿಂದ ಅಲ್ಲಿಗೆ ಇಳಿಯಲು 4 ಮಿ.ಮೀ. ಒಳವ್ಯಾಸದ ಟ್ಯೂಬಿನಿಂದ ಖಾಲಿಯಾಗಬೇಕಾದದ್ದು 1.5 ಮಿ.ಲೀ. ಮಾತ್ರ, ಅಂದರೆ ಅರವತ್ತು ಎಪ್ಪತ್ತು ಹನಿ. ಅಷ್ಟು ಬಿದ್ದ ಮೇಲೆ ನಿಲ್ಲುತ್ತದೆ. ಪ್ರಿಂಟ್ ಕೊಟ್ಟಾಗ ಪಂಪ್ ಮತ್ತೆ ತುಂಬುತ್ತದೆ, ಮತ್ತೆ ಶುರು.

ಇನ್ನು ಮೀಟರನ್ನು −5ಕ್ಕೆ ಏರಿಸಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಸಯಾನ್, ಹಳದಿ ಸರಿಯಾಗಿಯೇ ಇದ್ದವು. ಅವಕ್ಕೆ ನಾಜಲ್ ಬಳಿ −2.4 ಆಯಿತು. ಹೆಡ್ ಫೈರ್ ಆಗುವಾಗ ಶಾಯಿ ಹಿಂದೆ ಸರಿದು ಗಾಳಿ ನುಂಗಿ ನಾಜಲ್ ಬಿಟ್ಟವು. ವಾಪಸ್ −3.8ಕ್ಕೆ ತನ್ನಿ. ಎಲ್ಲ ಬಣ್ಣವೂ ಒಟ್ಟಿಗೆ ಸೋರಿದರೆ ಮಾತ್ರ ವ್ಯಾಕ್ಯೂಮ್ ತಿರುಗಿಸುವ ಗುಂಡಿಗೆ ಕೈ ಹಾಕಬೇಕು.

ಮಾಡುವ ಕ್ರಮ:

1. ಇಂಕ್ ಸಪ್ಲೈ ಪಂಪ್ ಆಫ್ ಮಾಡಿ. ಹೆಡ್ ಬೋರ್ಡ್ ಪವರ್ ತೆಗೆಯಿರಿ. ನಾಲ್ಕೂ ಹೆಡ್‌ನ ಟ್ಯೂಬುಗಳಿಗೆ ಕ್ಲ್ಯಾಂಪ್ ಹಾಕಿ ಅಥವಾ ವಾಲ್ವ್ ಮುಚ್ಚಿ. ಇದನ್ನು ಮಾಡದೆ ವ್ಯಾಕ್ಯೂಮ್ ಬಿಚ್ಚಿದರೆ ನಾಲ್ಕೂ ಬಣ್ಣ ಕೆಳಗೆ ಸುರಿಯುತ್ತವೆ.

2. ವ್ಯಾಕ್ಯೂಮ್ ಪಂಪಿನ ಮುಂದಿರುವ, ಶಾಯಿ ಪಂಪಿಗೆ ಹೋಗದಂತೆ ಹಿಡಿಯುವ ಟ್ರ್ಯಾಪ್ ಬಾಟಲಿ ನೋಡಿ. ಅದರಲ್ಲಿ ಶಾಯಿ ಇದ್ದರೆ ಖಾಲಿ ಮಾಡಿ, ತೊಳೆದು ಪೂರ್ತಿ ಒಣಗಿಸಿ. ಅದನ್ನೂ ದಾಟಿ ಪಂಪಿಗೆ ಹೋಗಿದ್ದರೆ ಡಯಾಫ್ರಾಂ ಬಹಳ ದಿನ ಬಾಳುವುದಿಲ್ಲ, ಒಂದು ಪಂಪ್ ತರಿಸಿಡಿ.

3. ಮಜೆಂಟಾ ವ್ಯಾಕ್ಯೂಮ್ ಟ್ಯೂಬನ್ನು ಟ್ಯಾಂಕಿನ ಕಡೆ ಬಿಚ್ಚುವ ಮೊದಲು ಕೆಳಗೆ ಬಟ್ಟೆ ಹಾಸಿ. ಈ ಟ್ಯೂಬ್ ತೊಳೆಯಲು ಹೋಗಬೇಡಿ, ಹೊಸದು ಹಾಕಿ. ಒಣಗಿದ ಚಕ್ಕೆ ಒಳಗುಳಿದರೆ ಮುಂದಿನ ತಿಂಗಳು ಅದೇ ಕಟ್ಟುತ್ತದೆ.

4. 50 ಮಿ.ಲೀ. ಸಿರಿಂಜಿನಿಂದ ಟ್ಯಾಂಕಿನ ಶಾಯಿ ತೆಗೆಯಿರಿ. ಇದನ್ನು ದೊಡ್ಡ ಟ್ಯಾಂಕಿಗೆ ವಾಪಸ್ ಸುರಿಯಬೇಡಿ.

5. ಫ್ಲೋಟ್ ಬಿಚ್ಚುವ ಮುಂಚೆ ಯಾವ ಮುಖ ಮೇಲಿದೆ ಎಂದು ಗುರುತು ಹಾಕಿಕೊಳ್ಳಿ. ಒಳಗೆ ಮ್ಯಾಗ್ನೆಟ್, ದಂಡದಲ್ಲಿ ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಬಂದರೆ ಕೆಲಸ ಮಾಡುವ ಸ್ವಿಚ್). ತಲೆಕೆಳಗಾಗಿ ಹಾಕಿದರೆ ಸ್ವಿಚ್ಚಿನ ಅರ್ಥವೇ ತಿರುಗಾಮುರುಗಾ ಆಗಿ, ಟ್ಯಾಂಕ್ ತುಂಬಿದಾಗ ಪಂಪ್ ಓಡುತ್ತದೆ. ಇದು ತುಂಬ ಕಡೆ ಆಗುವ ತಪ್ಪು.

6. ಫ್ಲೋಟ್ ಮತ್ತು ದಂಡವನ್ನು ಅದೇ ಶಾಯಿಗೆ ಹೊಂದುವ ಕ್ಲೀನಿಂಗ್ ಸಾಲ್ವೆಂಟಿನಲ್ಲಿ ಅರ್ಧ ಗಂಟೆ ನೆನೆಸಿ. ಒರೆಸಿ ದಂಡವನ್ನು ನೆಟ್ಟಗೆ ಹಿಡಿದರೆ ಫ್ಲೋಟ್ ತನ್ನ ಭಾರಕ್ಕೇ ಜಾರಬೇಕು. ಮಲ್ಟಿಮೀಟರ್ ಬೀಪ್‌ನಲ್ಲಿಟ್ಟು ಮೇಲೆ ಕೆಳಗೆ ಹತ್ತು ಸಲ ಆಡಿಸಿ. ಒಂದು ಸಲ ತಪ್ಪಿದರೂ ಬದಲಿಸಿ. ಫ್ಲೋಟ್ ಅಲುಗಾಡಿಸಿದಾಗ ಒಳಗೆ ದ್ರವ ಕುಲುಕಿದಂತಾದರೆ ಅದು ಶಾಯಿ ಕುಡಿದಿದೆ, ತೇಲುವುದಿಲ್ಲ.

7. ಮುಚ್ಚಳದ ಗ್ಯಾಸ್ಕೆಟ್ ನೋಡಿ ಜೋಡಿಸಿ. ವ್ಯಾಕ್ಯೂಮ್ ಕೊಟ್ಟು ಮೀಟರ್ ಸ್ಥಿರವಾದ ಮೇಲೆ ಕ್ಲ್ಯಾಂಪ್ ತೆಗೆಯಿರಿ. ಈ ಅನುಕ್ರಮ ಹಿಂದುಮುಂದು ಆಗಬಾರದು.

---

ರೋಲ್‌ಟುರೋಲ್

ಮೇಲಿನದು ಒಪ್ಪಿದೆ. ಬಿಚ್ಚಿದಾಗ ಹಾಳಾಗುವ ಸಾಮಾನುಗಳ ಬಗ್ಗೆ ಮಾತ್ರ ಸೇರಿಸುತ್ತೇನೆ, ಏಕೆಂದರೆ ಎಷ್ಟೋ ಸೋರಿಕೆಗಳು ಹಿಂದಿನ ರಿಪೇರಿಯಿಂದಲೇ ಹುಟ್ಟಿರುತ್ತವೆ.

ಸಿಲಿಕೋನ್ ಟ್ಯೂಬ್, ಸಾಮಾನ್ಯ ಪಿವಿಸಿ ಟ್ಯೂಬ್ ಬೇಡ. ಸೈಕ್ಲೋಹೆಕ್ಸನೋನ್ (ಕೀಟೋನ್ ಜಾತಿಯ ಸಾಲ್ವೆಂಟ್) ಇರುವ ಶಾಯಿಯಲ್ಲಿ ಸಿಲಿಕೋನ್ ಊದಿಕೊಳ್ಳುತ್ತದೆ, ಪಿವಿಸಿ ಮೊದಲು ಮೆತ್ತಗಾಗಿ ಆಮೇಲೆ ಕೋಲಿನ ಹಾಗೆ ಗಟ್ಟಿಯಾಗುತ್ತದೆ. ಟೆಫ್ಲಾನ್ ಅಥವಾ ಒಳಪದರ ಪಾಲಿಎಥಿಲೀನ್ ಇರುವ ಇಂಕ್ ಟ್ಯೂಬೇ ಹಾಕಿ. ವ್ಯಾಕ್ಯೂಮ್ ಲೈನಿಗೂ ಅದೇ. ಅಲ್ಲಿ ಬರೀ ಗಾಳಿ ತಾನೇ ಅನ್ನುತ್ತಾರೆ, ಆದರೆ ಆ ಗಾಳಿ ತುಂಬ ಸಾಲ್ವೆಂಟ್ ಆವಿ.

ಓ-ರಿಂಗ್ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಇದೆ: ವೈಟಾನ್ ರಬ್ಬರ್ ಎಲ್ಲಕ್ಕೂ ತಡೆಯುತ್ತದೆ ಎಂದು. ಪೆಟ್ರೋಲ್, ಎಣ್ಣೆಗೆ ತಡೆಯುತ್ತದೆ. ಕೀಟೋನ್‌ಗಳಿಗೆ ತಡೆಯುವುದಿಲ್ಲ, ಊದಿಕೊಂಡು ತೋಡಿನಿಂದ ಹೊರಗೆ ಬರುತ್ತದೆ. ನೈಟ್ರೈಲ್ ಇನ್ನೂ ಬೇಗ. ಕೀಟೋನ್ ಹೆಚ್ಚಿರುವ ಶಾಯಿಗೆ ಇಪಿಡಿಎಂ ರಬ್ಬರ್ ಪರವಾಗಿಲ್ಲ, ಟೆಫ್ಲಾನ್ ಹೊದಿಕೆಯದು ಒಳ್ಳೆಯದು, ಎಫ್‌ಎಫ್‌ಕೆಎಂ ರಬ್ಬರ್ ಎಲ್ಲಕ್ಕಿಂತ ಒಳ್ಳೆಯದು. ಒಮ್ಮೆ ಊದಿದ ಓ-ರಿಂಗ್ ಒಣಗಿಸಿದರೆ ಚಿಕ್ಕದಾದ ಹಾಗೆ ಕಾಣುತ್ತದೆ. ಮತ್ತೆ ಹಾಕಬೇಡಿ.

ಪುಶ್ ಫಿಟ್ಟಿಂಗ್‌ಗೆ ಹೋಗುವ ಟ್ಯೂಬನ್ನು ಕತ್ತರಿಯಲ್ಲಿ ಕತ್ತರಿಸಿದರೆ ತುದಿ ಚಪ್ಪಟೆಯಾಗಿ ಓರೆಯಾಗುತ್ತದೆ. ಹೊಸ ಬ್ಲೇಡಿನಿಂದ ನೇರ ಕತ್ತರಿಸಿ, ತಳ ಮುಟ್ಟುವವರೆಗೆ ತಳ್ಳಿ. ಹಲ್ಲುಗಳು ಗೀರಿದ ಹಳೇ ತುದಿಯನ್ನೇ ಮತ್ತೆ ಚುಚ್ಚಬೇಡಿ, 1 ಸೆಂ.ಮೀ. ಕತ್ತರಿಸಿ ಬಿಡಿ. ಫಿಟ್ಟಿಂಗಿನ ತಿರುಪು ಸುತ್ತುಗಳಿಗೆ (ಥ್ರೆಡ್) ಟೆಫ್ಲಾನ್ ಟೇಪ್ ಸುತ್ತುವುದಾದರೆ ಮೊದಲ ಒಂದು ಸುತ್ತು ಬಿಟ್ಟು ಸುತ್ತಿ. ಒಳಗೆ ಬಿದ್ದ ಎಳೆ ಸೀದಾ ಫಿಲ್ಟರಿಗೆ ಹೋಗಿ ಕೂರುತ್ತದೆ.

ಸಿಲಿಕೋನ್ ಸೀಲೆಂಟ್, ಫೆವಿಕ್ವಿಕ್ ತರಹದ ಅಂಟು ಎಲ್ಲಿಯೂ ಹಚ್ಚಬೇಡಿ. ಒಂದೆರಡು ದಿನದಲ್ಲಿ ಸಾಲ್ವೆಂಟ್ ಅದನ್ನು ಬಿಡಿಸುತ್ತದೆ.

ಬರೀ ಪ್ರಿಂಟ್ ಆಗುವಾಗ, ಅದೂ ಕ್ಯಾರೇಜ್ ಒಂದೇ ದಿಕ್ಕಿಗೆ ಹೋದಾಗ ಹನಿ ಬೀಳುವ ಕೇಸ್ ಬೇರೆ. ಅಲ್ಲಿ ಡ್ರ್ಯಾಗ್ ಚೈನಿನೊಳಗೆ (ಟ್ಯೂಬುಗಳನ್ನು ಹೊತ್ತು ಕ್ಯಾರೇಜ್ ಜೊತೆ ಬಾಗುತ್ತಾ ಓಡುವ ಸರಪಳಿ) ಟ್ಯೂಬ್ ಸೀಳಿರುತ್ತದೆ. ಕ್ಯಾರೇಜನ್ನು ಎರಡೂ ತುದಿಗೆ ತಂದು ಬಾಗುವ ಜಾಗವನ್ನು ಬಿಳಿ ಟಿಶ್ಯೂದಿಂದ ಒತ್ತಿ ನೋಡಿ.

---

ನೆನೆದಸ್ಪಂಜು

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಮ್ಮದು ಇಕೋ ಸಾಲ್ವೆಂಟ್, ವ್ಯಾಕ್ಯೂಮ್ ಇಲ್ಲ, ಡ್ಯಾಂಪರ್ (ಹೆಡ್ ಮೇಲಿನ ಪುಟ್ಟ ಶಾಯಿ ಡಬ್ಬಿ) ಮತ್ತು ಕ್ಯಾಪಿಂಗ್ ಸ್ಟೇಷನ್ (ನಿಂತಾಗ ಹೆಡ್ ಮುಚ್ಚುವ ಜಾಗ) ಇರುವ ಮೆಷಿನ್. ಬೆಳಿಗ್ಗೆ ಬಂದು ನೋಡಿದರೆ ಡ್ಯಾಂಪರ್ ಅರ್ಧ ಖಾಲಿ, ವೇಸ್ಟ್ ಬಾಟಲಿಯಲ್ಲಿ ಶಾಯಿ ಹೆಚ್ಚಾಗಿರುತ್ತದೆ. ಹೊರಗೆಲ್ಲೂ ಸೋರಿಲ್ಲ. ಇದಕ್ಕೂ ಮೇಲಿನ ಲೆಕ್ಕ ಬರುತ್ತದೆಯೇ?

---

ಒಣಬಟ್ಟೆ

ಲೆಕ್ಕ ಅದೇ, ಎಳೆಯುವವನು ಬೇರೆ. ರಾತ್ರಿ ಹೆಡ್ ಕ್ಯಾಪ್ ಮೇಲೆ ಕೂತಿರುತ್ತದೆ. ಕ್ಯಾಪಿನ ಕೆಳಗಿನ ಟ್ಯೂಬ್ ಪಂಪಿನ ಮೂಲಕ ವೇಸ್ಟ್ ಬಾಟಲಿಗೆ ಇಳಿಯುತ್ತದೆ. ಪಂಪ್ ನಿಂತಾಗ ಅದರ ರೋಲರ್ ಟ್ಯೂಬನ್ನು ಪೂರ್ತಿ ಅದುಮಿ ಮುಚ್ಚಿರಬೇಕು. ಟ್ಯೂಬ್ ಸವೆದು ಚಪ್ಪಟೆಯಾಗಿದ್ದರೆ ಮುಚ್ಚುವುದಿಲ್ಲ. ಆಗ ಕೆಳಗಿಳಿದ ಶಾಯಿಯ ಕಂಬ ರಾತ್ರಿಯಿಡೀ ಸೈಫನ್ ಆಗಿ ನಾಜಲ್‌ನಿಂದ ಶಾಯಿ ಹೀರುತ್ತದೆ.

ಕ್ಯಾರೇಜ್ ಪಕ್ಕಕ್ಕೆ ಸರಿಸಿ, ಕ್ಯಾಪಿಗೆ 3 ಮಿ.ಲೀ. ಕ್ಲೀನಿಂಗ್ ದ್ರವ ಹಾಕಿ 10 ನಿಮಿಷ ಬಿಡಿ. ಪಂಪ್ ಆಫ್ ಇದ್ದಾಗ ಮಟ್ಟ ಇಳಿಯಬಾರದು. ಇಳಿದರೆ ಪಂಪ್ ಟ್ಯೂಬ್ ಬದಲಿಸಿ. ಪಂಪ್ ಓಡಿಸಿದಾಗ ಕೆಲವೇ ಸೆಕೆಂಡಿನಲ್ಲಿ ಖಾಲಿಯಾಗಬೇಕು. ಆಗದಿದ್ದರೆ ಕ್ಯಾಪಿನ ತೂತು ಅಥವಾ ಟ್ಯೂಬ್ ಕಟ್ಟಿದೆ. ಇಂಥ ಕ್ಯಾಪ್ ತುಂಬಿ ನಿಂತು, ಶಾಯಿ ನಾಜಲ್ ಪ್ಲೇಟಿಗೆ ತಾಗಿ, ಬಣ್ಣ ಬಣ್ಣ ಬೆರೆಯುತ್ತದೆ.

ವೇಸ್ಟ್ ಬಾಟಲಿಯೊಳಗೆ ಟ್ಯೂಬಿನ ತುದಿ ಶಾಯಿಯಲ್ಲಿ ಮುಳುಗಿರಬಾರದು. ಬಾಟಲಿ ಅರ್ಧ ತುಂಬಿದಾಗಲೇ ಖಾಲಿ ಮಾಡಿ.

ಇದಕ್ಕೆ ಉಲ್ಟಾ, ಅಂದರೆ ಹೆಡ್ ಹೊರಗಿದ್ದಾಗಲೂ ಹನಿದರೆ, ಡ್ಯಾಂಪರ್ ನೋಡಿ: ಪಕ್ಕದ ತೆಳು ಹಾಳೆ ಹರಿದಿದೆಯೇ, ಕೆಳಗಿನ ಓ-ರಿಂಗ್ ಓರೆಯಾಗಿ ಕೂತಿದೆಯೇ. ಪ್ಲಾಸ್ಟಿಕ್ ನಟ್‌ಗೆ ಕೈಬಿಗಿ ಸಾಕು. ಡ್ಯಾಂಪರಿನೊಳಗೆ ವಾಲ್ವ್ ಇಲ್ಲದ ಮೆಷಿನ್ನಿನಲ್ಲಿ ದೊಡ್ಡ ಬಾಟಲಿ ಹಾಕಿಕೊಂಡಿದ್ದರೆ ಬಾಟಲಿಯ ಶಾಯಿ ಮಟ್ಟ ನಾಜಲ್ ಪ್ಲೇಟಿಗಿಂತ ಕೆಳಗೇ ಇರಬೇಕು. ತುಂಬಿದ ದಿನ ಸೋರಿ, ಅರ್ಧವಾದ ಮೇಲೆ ಸರಿಹೋಗುತ್ತಿದ್ದರೆ ಬೇರೆ ಏನೂ ಹುಡುಕಬೇಡಿ, ಸ್ಟ್ಯಾಂಡ್ ಇಳಿಸಿ.

---

ನಾಲ್ಕುಬಣ್ಣ

ಟಾರ್ಚ್ ಹಿಡಿದು ನೋಡಿದೆ. ಮಜೆಂಟಾ ವ್ಯಾಕ್ಯೂಮ್ ಟ್ಯೂಬಿನಲ್ಲಿ ಒಂದು ಗೇಣಿನಷ್ಟು ಶಾಯಿ ನಿಂತಿದೆ. ಟ್ರ್ಯಾಪ್ ಬಾಟಲಿ ಒಣಗಿದೆ, ಅಲ್ಲಿಗೆ ಬಂದಿಲ್ಲ. ಕ್ಲ್ಯಾಂಪ್ ಹಾಕಿ 20 ನಿಮಿಷ ಬಿಟ್ಟಾಗ ಒಂದು ಹನಿಯೂ ಇಲ್ಲ. ಫ್ಲೋಟ್ ದಂಡದ ನಡುವೆ ಜೆಲ್ ಥರದ ಗುಲಾಬಿ ಪದರ ಇದೆ, ಫ್ಲೋಟ್ ಅದರ ಕೆಳಗೆ ಕಚ್ಚಿಕೊಂಡಿದೆ.

ಎರಡು ಪ್ರಶ್ನೆ. ಆ ಜೆಲ್ ಯಾಕೆ ಆಗುತ್ತದೆ? ಹೆಡ್ ಕೇಬಲ್ ಕನೆಕ್ಟರ್ ಹತ್ತಿರ ಸ್ವಲ್ಪ ಮಜೆಂಟಾ ಕಾಣುತ್ತಿದೆ, ಆನ್ ಮಾಡಬಹುದೇ?

---

ತೇಲುಗುಂಡು

ಆನ್ ಮಾಡಬೇಡಿ. ಕನೆಕ್ಟರಿನಲ್ಲಿ ಶಾಯಿ ಇರುವಾಗ ಪವರ್ ಕೊಟ್ಟರೆ ಹೆಡ್ ಜೊತೆ ಹೆಡ್ ಬೋರ್ಡೂ ಹೋಗುತ್ತದೆ. ರಿಬ್ಬನ್ ಕೇಬಲ್ ಬಿಚ್ಚಿ, ಮೊದಲು ಕ್ಲೀನಿಂಗ್ ಸಾಲ್ವೆಂಟ್ ತಾಗಿಸಿದ ನೂಲು ಬಿಡದ ಬಟ್ಟೆಯಿಂದ ಶಾಯಿ ತೆಗೆಯಿರಿ. ಆಮೇಲೆ 99 ಶೇಕಡಾ ಐಪಿಎಯಿಂದ (ಐಸೋಪ್ರೊಪೈಲ್ ಆಲ್ಕೋಹಾಲ್) ಒರೆಸಿ. ಸೀದಾ ಐಪಿಎ ಹಾಕಿದರೆ ಶಾಯಿಯ ರೆಸಿನ್ ಕರಗದೆ ಪಿನ್‌ಗಳ ನಡುವೆ ಅಂಟಾಗಿ ಕೂರುತ್ತದೆ. ಅಸಿಟೋನ್ ಬೇಡ, ಹೆಡ್ಡಿನ ಅಂಟನ್ನೂ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಲೆನ್ಸ್ ಹಿಡಿದು ಪಿನ್ ಪಿನ್ ನೋಡಿ, ಒಣಗಲು ಕೆಲವು ಗಂಟೆ ಬಿಡಿ. ಹೇರ್ ಡ್ರೈಯರ್ ಹಿಡಿಯಬೇಡಿ. ಸೈಕ್ಲೋಹೆಕ್ಸನೋನ್ ಆವಿ ಸುಮಾರು 44 ಡಿಗ್ರಿಯಲ್ಲೇ ಕಿಡಿಗೆ ಹೊತ್ತಿಕೊಳ್ಳುವಷ್ಟಾಗುತ್ತದೆ, ಡ್ರೈಯರ್ ಒಳಗಿನ ಕಾಯಿಲ್ ಕೆಂಪಗಿರುತ್ತದೆ. ಒರೆಸಿದ ಬಟ್ಟೆಗಳನ್ನು ಮುಚ್ಚಳವಿರುವ ಲೋಹದ ಡಬ್ಬಕ್ಕೆ ಹಾಕಿ. ನೈಟ್ರೈಲ್ ಗ್ಲೌಸ್ ಕೀಟೋನ್‌ಗೆ ಬೇಗ ಸೋಲುತ್ತದೆ, ಒದ್ದೆಯಾದ ಕೂಡಲೇ ಬದಲಿಸಿ.

ಮರುಜೋಡಿಸುವಾಗ ರಿಬ್ಬನ್ ಕೇಬಲ್ ಕನೆಕ್ಟರಿಗಿಂತ ಕೆಳಗೆ ಒಂದು ಬಾಗು ತೆಗೆದುಕೊಂಡು ಮೇಲೇರುವ ಹಾಗೆ ಬಿಡಿ. ಹನಿ ಬಂದರೆ ಬಾಗಿನ ತುದಿಯಲ್ಲೇ ಉದುರುತ್ತದೆ.

ಜೆಲ್ ಆಗುವುದು ಬಹುಪಾಲು ಹೊಂದದ ದ್ರವ ಬೆರೆತಾಗ. ಬೇರೆ ಕಂಪನಿಯ ಶಾಯಿ ಹಳೆಯದರ ಮೇಲೇ ಸುರಿದರೆ, ತೊಳೆದ ಭಾಗದಲ್ಲಿ ನೀರು ಉಳಿದಿದ್ದರೆ, ಅಥವಾ ಐಪಿಎಯಲ್ಲಿ ತೊಳೆದು ಒಣಗಿಸದೆ ಹಾಕಿದ್ದರೆ ರೆಸಿನ್ ಬೇರೆಯಾಗಿ ಹೆಪ್ಪುಗಟ್ಟುತ್ತದೆ. ಪರೀಕ್ಷೆ ಸುಲಭ: ಗಾಜಿನ ಸೀಸೆಯಲ್ಲಿ ಹಳೇ ಶಾಯಿ ಹೊಸ ಶಾಯಿ 10 ಮಿ.ಲೀ. 10 ಮಿ.ಲೀ. ಬೆರೆಸಿ 24 ಗಂಟೆ ಬಿಟ್ಟು, ಗಾಜಿನ ಮೇಲೆ ಹರಿಸಿ ನೋಡಿ. ತರಿ ತರಿ ಕಂಡರೆ ಲೈನ್ ಪೂರ್ತಿ ಫ್ಲಶ್ ಮಾಡದೆ ಹೊಸ ಶಾಯಿ ಹಾಕಬೇಡಿ. ನಿಮ್ಮಲ್ಲಿ ಆಗಲೇ ಜೆಲ್ ಇದೆ, ಹಾಗಾಗಿ ಟ್ಯಾಂಕ್ ತೊಳೆದ ಮೇಲೆ ಟ್ಯಾಂಕ್ ಮತ್ತು ಹೆಡ್ ನಡುವಿನ ಫಿಲ್ಟರ್ ಬದಲಿಸಿಯೇ ಕ್ಲ್ಯಾಂಪ್ ಬಿಡಿ.

---

ಒಣಬಟ್ಟೆ

ಜೋಡಿಸಿದ ಮೇಲೆ ಮಜೆಂಟಾ ಟ್ಯಾಂಕಿಗೆ ನಿಜವಾಗಿ ಎಷ್ಟು ವ್ಯಾಕ್ಯೂಮ್ ತಲುಪುತ್ತಿದೆ ಎಂದು ಒಮ್ಮೆ ಅಳೆಯಿರಿ. ಪಾರದರ್ಶಕ ಟ್ಯೂಬನ್ನು ಯು ಆಕಾರಕ್ಕೆ ಹಲಗೆಗೆ ಕಟ್ಟಿ ಅರ್ಧ ನೀರು ತುಂಬಿ. ಎರಡೂ ಕೈ 50 ಸೆಂ.ಮೀ.ಗಿಂತ ಉದ್ದವಿರಲಿ, ನೀರು ಶಾಯಿಯ ಕಡೆ ಎಳೆದುಕೊಳ್ಳಬಾರದು. ಒಂದು ತುದಿಯನ್ನು ಟ್ಯಾಂಕಿನ ವ್ಯಾಕ್ಯೂಮ್ ಪೋರ್ಟ್ ಪಕ್ಕ ಟಿ ಜಾಯಿಂಟ್‌ಗೆ ಕೊಡಿ, ಇನ್ನೊಂದು ತೆರೆದಿರಲಿ. 1 ಕಿಲೋಪಾಸ್ಕಲ್‌ಗೆ ನೀರಿನ ಮಟ್ಟದಲ್ಲಿ 10.2 ಸೆಂ.ಮೀ. ವ್ಯತ್ಯಾಸ. ಮೀಟರ್ 3.8 ಅಂದರೆ ಇಲ್ಲಿ 38–39 ಸೆಂ.ಮೀ. ಕಾಣಬೇಕು. ಮೂರ್ನಾಲ್ಕು ಸೆಂ.ಮೀ. ಕಡಿಮೆ ಬಂದರೂ ಆ ಲೈನಿನಲ್ಲಿ ಇನ್ನೂ ಕಟ್ಟು ಅಥವಾ ಸೋರಿಕೆ ಉಳಿದಿದೆ. ಅಳತೆ ಮುಗಿದ ಕೂಡಲೇ ಟಿ ಜಾಯಿಂಟ್ ತೆಗೆದು ಟ್ಯೂಬ್ ನೇರ ಜೋಡಿಸಿ, ಒರೆಸಿ, 15 ನಿಮಿಷ.

---

ನಾಲ್ಕುಬಣ್ಣ

ಫ್ಲೋಟ್, ವ್ಯಾಕ್ಯೂಮ್ ಟ್ಯೂಬ್, ಫಿಲ್ಟರ್ ಮೂರೂ ಹೊಸದು. ಯು ಟ್ಯೂಬಿನಲ್ಲಿ ಮಜೆಂಟಾ 38.5, ಸಯಾನ್ 38.5. ಪಂಪ್ ಈಗ ಏಳೆಂಟು ಸೆಕೆಂಡಿಗೆ ನಿಲ್ಲುತ್ತಿದೆ. ಒರೆಸಿ ಎರಡು ಗಂಟೆಯಾಯಿತು, ಪ್ಲೇಟ್ ಒಣಗಿಯೇ ಇದೆ. ನಾಜಲ್ ಚೆಕ್‌ನಲ್ಲಿ ಮಜೆಂಟಾದ ನಾಲ್ಕು ಗೆರೆ ಇನ್ನೂ ಬಿಟ್ಟಿವೆ, ಜೆಲ್ ಇರಬೇಕು.

---

ತೇಲುಗುಂಡು

ಸಿರಿಂಜ್ ಹಾಕಿ ಜೋರಾಗಿ ಒತ್ತಬೇಡಿ. ಕ್ಲೀನಿಂಗ್ ಸಾಲ್ವೆಂಟಿನಲ್ಲಿ ನೆನೆಸಿದ ಬಟ್ಟೆಯನ್ನು ಪ್ಲೇಟಿಗೆ ತಾಗುವಂತೆ ಒಂದು ಗಂಟೆ ಬಿಟ್ಟು, ಸಣ್ಣ ಪರ್ಜ್ ಎರಡು ಸಲ, ಆಮೇಲೆ ನಾಜಲ್ ಚೆಕ್. ನಾಲ್ಕು ಎರಡಾದರೆ ನಾಳೆ ಇನ್ನೊಮ್ಮೆ.